ಕರಿ ಹರಿಯುವ ಮೊದಲು

ಕಾರಹುಣ್ಣಿಮೆ ಬಂತೆಂದರೆ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ರೈತರ ಮನೆಗಳಲ್ಲಿ ಎತ್ತುಗಳಿಗೆ ಮದುಮಗನ ಉಪಚಾರ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿನ ಮೇಲೆ ಜೂಲು ಹೊದಿಸುತ್ತಾರೆ. ಸಂಜೆಗೆ ಊರ ಅಗಸಿಯಲ್ಲಿ ಬೇವಿನ ತಪ್ಪಲು ಕಟ್ಟಿದ ಹಗ್ಗ ಎಳೆದಿರುತ್ತದೆ. ಹಲಗೆಯ ಸದ್ದಿಗೆ ಬೆದರಿ ಓಡಿಬರುವ ಎತ್ತುಗಳಲ್ಲಿ ಯಾವುದು ಆ ಕರಿಯನ್ನು ಮೊದಲು ಹರಿಯುತ್ತದೋ ಎಂದು ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿರುತ್ತದೆ. ಬಿಳಿ ಎತ್ತು ಮುಂದಾದರೆ ಹಿಂಗಾರಿ ಬೆಳೆ ಚೆನ್ನ, ಕೆಂದೆತ್ತು ಮುಂದಾದರೆ ಮುಂಗಾರಿ ಚೆನ್ನ ಎನ್ನುವುದು ಹಿರಿಯರ ಲೆಕ್ಕ.

ಆ ಲೆಕ್ಕದ ಸರಿತಪ್ಪು ಹೇಳುವುದು ವೈದ್ಯನ ಕೆಲಸವಲ್ಲ. ಆದರೆ ಮರುದಿನ ದವಾಖಾನೆಯಲ್ಲಿ ಕಾಣುವ ಇನ್ನೊಂದು ಲೆಕ್ಕವಿದೆ. ಮುರಿದ ಮುಂಗೈ, ಜಾರಿದ ಭುಜ, ಕೋಡು ತಿವಿದ ತೊಡೆ, ಗೊರಸಿಗೆ ಸಿಕ್ಕ ಪಾದ. ಇವರಲ್ಲಿ ಎತ್ತು ಹಿಡಿದವರಿಗಿಂತ ನೋಡಲು ಬಂದವರೇ ಹೆಚ್ಚು. ಕಟ್ಟೆಯ ಮೇಲೆ ಜಾಗ ಸಿಗದೆ ಓಣಿಯ ಬಾಯಲ್ಲಿ ನಿಂತ ಮುದುಕರು, ದೊಡ್ಡವರ ಕಾಲಸಂದಿಯಿಂದ ಇಣುಕಿದ ಹುಡುಗರು, ಮೊಬೈಲಿನಲ್ಲಿ ಚಿತ್ರ ತೆಗೆಯಲು ಎರಡು ಹೆಜ್ಜೆ ಮುಂದೆ ಬಂದವರು. ಜಾತ್ರೆಗಳ ಚಕ್ಕಡಿ ಓಟ, ತೆರಬಂಡಿ ಸ್ಪರ್ಧೆಗಳಲ್ಲೂ ಇದೇ ಕತೆ.

ಓಟ ನಿಲ್ಲಿಸಿ ಎನ್ನುವವರ ಪೈಕಿ ನಾನಲ್ಲ. ವರ್ಷವಿಡೀ ನೊಗ ಹೊತ್ತ ಜೀವಕ್ಕೂ ಅದರ ಒಡೆಯನಿಗೂ ಒಂದು ದಿನದ ಮೆರೆದಾಟ ಬೇಕು. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಸಾಕುವುದೇ ಒಂದು ವ್ರತವಾಗಿರುವಾಗ, ಬನಶಂಕರಿ ಜಾತ್ರೆಯಲ್ಲಿ ಕೊಂಡು ತಂದ ಹೋರಿಯನ್ನು ಮಗನಂತೆ ಬೆಳೆಸುವವರ ಸಂತೋಷ ಕಸಿಯಲು ಯಾರಿಗೂ ಮನಸ್ಸಾಗದು. ನನ್ನ ತಕರಾರು ಬೇರೆ. ಎತ್ತಿನ ಪರವಾಗಿ ನಮ್ಮಲ್ಲಿ ದೊಡ್ಡ ವಾದವಾಗಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಇಂಥ ಓಟಗಳಿಗೆ ತಡೆ ಹಾಕಿತು. 2017ರಲ್ಲಿ ಕರ್ನಾಟಕ ಸರಕಾರ ಪ್ರಾಣಿಹಿಂಸೆ ತಡೆ ಕಾಯದೆಗೆ ತಿದ್ದುಪಡಿ ತಂದು, ಕಂಬಳಕ್ಕೂ ಎತ್ತಿನ ಓಟ, ಚಕ್ಕಡಿ ಓಟಗಳಿಗೂ ಅವಕಾಶ ಮಾಡಿಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪ್ರಾಣಿಗೆ ಅನಗತ್ಯ ನೋವಾಗಬಾರದು ಎಂಬ ಷರತ್ತು ಅದರಲ್ಲಿದೆ, ಇರಲೇಬೇಕು. ಎತ್ತಿಗೆ ಸಾರಾಯಿ ಕುಡಿಸುವುದು, ಬಾಲ ತಿರುಚುವುದು, ಮೊಳೆ ಚುಚ್ಚುವುದು ಹೇಸಿಗೆಯ ಕೆಲಸ, ಬೇರೆ ಮಾತಿಲ್ಲ. ಆದರೆ ಅದೇ ಅಗಸಿಯಲ್ಲಿ ಬಿದ್ದ ಮನುಷ್ಯನನ್ನು ಯಾರು ಎತ್ತಬೇಕು, ಹೇಗೆ ಎತ್ತಬೇಕು, ಯಾವ ಗಾಡಿಯಲ್ಲಿ ಒಯ್ಯಬೇಕು ಎಂಬುದನ್ನು ಓಟಕ್ಕೆ ಮೊದಲೇ ಗೊತ್ತುಮಾಡುವ ಊರು ಎಷ್ಟಿವೆ?

ಹಳ್ಳಿಯ ಹವ್ಯಾಸಿ ಓಟ ನಮ್ಮಲ್ಲಷ್ಟೇ ಇಲ್ಲ. ಇಂಗ್ಲೆಂಡು, ಐರ್ಲೆಂಡುಗಳ ರೈತರಿಗೆ ಕುದುರೆ ಓಟದ ಹುಚ್ಚು. 1752ರಲ್ಲಿ ಐರ್ಲೆಂಡಿನ ಕಾರ್ಕ್ ಜಿಲ್ಲೆಯಲ್ಲಿ ಇಬ್ಬರು ಗೆಣೆಕಾರರು ಪಂಥ ಕಟ್ಟಿ, ಒಂದೂರ ಚರ್ಚಿನ ಗೋಪುರದಿಂದ ಇನ್ನೊಂದೂರ ಗೋಪುರದವರೆಗೆ ಸುಮಾರು ನಾಲ್ಕೂವರೆ ಮೈಲಿ, ಬೇಲಿ ಹಳ್ಳ ಗೋಡೆ ಎನ್ನದೆ ಹಾರಿಸಿಕೊಂಡು ಹೋದರಂತೆ. ಗೋಪುರಕ್ಕೆ ಅವರ ಭಾಷೆಯಲ್ಲಿ ಸ್ಟೀಪಲ್ ಎನ್ನುವುದರಿಂದ ಆ ಆಟಕ್ಕೆ ಸ್ಟೀಪಲ್‌ಚೇಸ್ ಎಂಬ ಹೆಸರು ಬಂತು. ಇಂದಿಗೂ ಅಲ್ಲಿಯ ಹೊಲಗಳಲ್ಲಿ ಹವ್ಯಾಸಿಗಳು ಬೇಲಿ ಹಾರಿಸುವ ಓಟ ನಡೆಯುತ್ತದೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ನಮ್ಮ ಜಾತ್ರೆಯ ಹಾಗೆಯೇ. ಒಂದು ವ್ಯತ್ಯಾಸವಿದೆ: ಗೊತ್ತುಮಾಡಿದ ವೈದ್ಯರೂ ಆಂಬುಲೆನ್ಸೂ ಮೈದಾನದಲ್ಲಿ ಇಲ್ಲದಿದ್ದರೆ ಅಲ್ಲಿ ಓಟ ಶುರುವಾಗುವುದೇ ಇಲ್ಲ. ಕುದುರೆಗಳು ಓಡುತ್ತಿದ್ದಂತೆ ಪಕ್ಕದಲ್ಲಿ ಆಂಬುಲೆನ್ಸೂ ಹಿಂಬಾಲಿಸುತ್ತದೆ. ಸವಾರನ ತಲೆಗೆ ಹೆಲ್ಮೆಟ್ ಕಡ್ಡಾಯ. ಬಿದ್ದು ತಲೆಗೆ ಪೆಟ್ಟಾದವನು ವೈದ್ಯರು ಒಪ್ಪುವವರೆಗೆ ಮತ್ತೆ ಕುದುರೆ ಹತ್ತುವಂತಿಲ್ಲ, ಅವನೆಷ್ಟೇ "ನನಗೇನೂ ಆಗಿಲ್ಲ" ಎಂದರೂ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಅತಿ ಹೆಚ್ಚು ಮೋಸ ಮಾಡುವುದು ತಲೆಯ ಪೆಟ್ಟೇ.

ಒಬ್ಬ ಯುವಕ ಓಡುವ ಚಕ್ಕಡಿಯಿಂದ ಉರುಳಿ ಬಿದ್ದ. ಎರಡು ನಿಮಿಷ ಎಚ್ಚರವಿರಲಿಲ್ಲ. ಜನ ಮುಖಕ್ಕೆ ನೀರು ಹೊಡೆದರು, ಎದ್ದು ಕುಳಿತ. ಚಹಾ ಕುಡಿದ, ನಕ್ಕ, ತನ್ನ ಎತ್ತು ಎಷ್ಟನೆಯದಾಯಿತೆಂದು ಕೇಳಿದ. ರಾತ್ರಿ ತಲೆನೋವೆಂದು ಬೇಗ ಮಲಗಿದ. "ದಣಿದಾನ, ಮಲಗ್ಲಿ ಬಿಡ್ರಿ" ಎಂದರು ಮನೆಯವರು. ನಸುಕಿನಲ್ಲಿ ಅವನ ಗೊರಕೆ ಎಂದಿನಂತಿಲ್ಲವೆಂದು ತಾಯಿಗೆ ಅನ್ನಿಸಿ ಎಬ್ಬಿಸಿದರೆ ಏಳಲಿಲ್ಲ. ನಾನು ನೋಡಿದಾಗ ಎಡಗಣ್ಣಿನ ಪಾಪೆ ಹಿಗ್ಗಿತ್ತು, ಬಲಗೈ ಬಲಗಾಲು ಅಲುಗಾಡುತ್ತಿರಲಿಲ್ಲ. ಮುಂದೆ ದೊಡ್ಡ ಆಸ್ಪತ್ರೆಯಲ್ಲಿ ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಜೀವ ಉಳಿಯಿತು. ಬಲಗೈಗೆ ಮೊದಲಿನ ಹಿಡಿತ ಬರಲಿಲ್ಲ. ಒಕ್ಕಲುತನದವನ ಬಲಗೈ ಅದು.

ಆಗುವುದು ಇಷ್ಟೇ. ಬುರುಡೆಯ ಒಳಮೈಗೆ ಅಂಟಿದಂತೆ ಹರಿಯುವ ರಕ್ತನಾಳವೊಂದು ಪೆಟ್ಟಿಗೆ ಹರಿಯುತ್ತದೆ. ರಕ್ತ ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ಸಂಗ್ರಹವಾಗುತ್ತ ಹೋಗುತ್ತದೆ. ಮೊದಲ ಆಘಾತದಿಂದ ಎಚ್ಚತ್ತ ಮನುಷ್ಯ ಒಂದೆರಡು ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಸರಿಯಾಗಿಯೇ ಇರುತ್ತಾನೆ. ಬುರುಡೆ ಹಿಗ್ಗುವ ಚೀಲವಲ್ಲ. ರಕ್ತ ಹೆಚ್ಚಿದಂತೆ ಮೆದುಳು ಒತ್ತಿಕೊಳ್ಳುತ್ತದೆ. ನಡುವಿನ ಆ ಒಳ್ಳೆಯ ಹೊತ್ತೇ ಚಿಕಿತ್ಸೆಯ ಹೊತ್ತು, ನಾವು ಚಹಾ ಕುಡಿಸುತ್ತ ಕಳೆಯುವುದೂ ಅದನ್ನೇ.

ಆದ್ದರಿಂದ ಬಿದ್ದು ಕ್ಷಣಕಾಲವಾದರೂ ಎಚ್ಚರ ತಪ್ಪಿದವನನ್ನು, ಎದ್ದು ಓಡಾಡುತ್ತಿದ್ದರೂ, ಅದೇ ದಿನ ವೈದ್ಯರಿಗೆ ತೋರಿಸಿ. ಅವರು ಮನೆಗೆ ಕಳಿಸಿದರೂ ಮೊದಲ ಇಪ್ಪತ್ನಾಲ್ಕು ತಾಸು ಒಬ್ಬರು ಜೊತೆಗಿರಲಿ. ಮಲಗಬಾರದೆಂದಿಲ್ಲ. ಆದರೆ ನಡುನಡುವೆ ಎಬ್ಬಿಸಿ ಹೆಸರು, ಊರು ಕೇಳಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು, ಸೆಳೆತ, ಒಂದು ಕೈ ಸೋಲುವುದು, ಕಿವಿ ಇಲ್ಲವೆ ಮೂಗಿನಿಂದ ನೀರಿನಂಥ ದ್ರವ ಅಥವಾ ರಕ್ತ, ಇವುಗಳಲ್ಲಿ ಒಂದು ಕಂಡರೂ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಎಂದು ಕಾಯಬಾರದು.

ಹಬ್ಬದ ದಿನ ಇನ್ನೊಂದು ತೊಡಕಿದೆ. ಎತ್ತಿನ ಹಿಂದೆ ಓಡುವವರಲ್ಲಿ ಕೆಲವರು ಕುಡಿದಿರುತ್ತಾರೆ. ತಲೆಗೆ ಪೆಟ್ಟಾದವನೂ ತೊದಲುತ್ತಾನೆ, ತೂರಾಡುತ್ತಾನೆ, ವಾಂತಿ ಮಾಡುತ್ತಾನೆ. ನೋಡಿದವರು "ಕುಡದಾನ" ಎಂದು ಕಟ್ಟೆಯ ಮೇಲೆ ಮಲಗಿಸಿ ಹೋಗುತ್ತಾರೆ. ಬಾಯಿ ವಾಸನೆ ಬಂದರೂ ಬಿದ್ದವನನ್ನು ಪೆಟ್ಟಾದವನೆಂದೇ ತಿಳಿಯಿರಿ.

ಎತ್ತುವ ವಿಷಯಕ್ಕೆ ಬರೋಣ. ಒಬ್ಬ ಕೈ ಹಿಡಿದು, ಇನ್ನೊಬ್ಬ ಕಾಲು ಹಿಡಿದು, ಚೀಲದಂತೆ ತೂಗಾಡಿಸಿ ಟಂಟಂನಲ್ಲಿ ಮಡಚಿ ಕೂರಿಸುವುದು ನಮ್ಮ ರೂಢಿ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಕತ್ತಿನ ಎಲುಬು ಮುರಿದಿದ್ದರೆ ಆ ಒಂದು ಎಳೆತಕ್ಕೆ ಒಳಗಿನ ಬೆನ್ನುಹುರಿ ಜಜ್ಜಿಹೋಗಬಹುದು. ಬಿದ್ದಾಗ ಬರೀ ಎಲುಬು ಮುರಿದವನು ದವಾಖಾನೆ ತಲುಪುವಾಗ ಕೈಕಾಲು ಕಳೆದುಕೊಂಡಿರುತ್ತಾನೆ. ಕತ್ತು, ಬೆನ್ನು ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ, ಅಥವಾ ಎಚ್ಚರವೇ ಇಲ್ಲದಿದ್ದರೆ ಅವಸರ ಬೇಡ. ಒಬ್ಬರು ತಲೆಯನ್ನು ಎರಡೂ ಕಡೆಯಿಂದ ಅಲುಗಾಡದಂತೆ ಹಿಡಿಯಲಿ. ಉಳಿದ ಮೂರ್ನಾಲ್ಕು ಜನ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿರುವಂತೆ, ದಿಮ್ಮಿ ಹೊರಳಿಸಿದ ಹಾಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಲಿ. ಹಲಗೆಗೆ ಹುಡುಕಾಡಬೇಕಿಲ್ಲ, ಒಂದು ಹಳೆಯ ಬಾಗಿಲು ಸಾಕು. ಜೋತುಬಿದ್ದ ಹೊರಸು ಮಾತ್ರ ಬೇಡ. ವಾಂತಿ ಬಂದರೆ ಇಡೀ ಮೈಯನ್ನೇ ಒಮ್ಮೆಗೆ ಮಗ್ಗುಲಿಗೆ ಹೊರಳಿಸಿ. ಎಚ್ಚರವಿಲ್ಲದವನ ಬಾಯಿಗೆ ನೀರು ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಳ್ಳಾಗಡ್ಡಿ ಮೂಸಿಸುವುದರಿಂದ ಉಪಯೋಗವಿಲ್ಲ, ಹೊತ್ತು ಮಾತ್ರ ಹೋಗುತ್ತದೆ.

ಕೋಡಿನ ಗಾಯ ನೋಡಲು ಚಿಕ್ಕದು. ಒಳಹೊಕ್ಕ ಕೋಡನ್ನು ಎತ್ತು ಕೊಡವುವುದರಿಂದ ಹೊರಗೆ ಒಂದೇ ತೂತಿದ್ದರೂ ಒಳಗೆ ಎರಡು ಮೂರು ದಿಕ್ಕಿಗೆ ಮಾಂಸಖಂಡ ಹರಿದಿರುತ್ತದೆ. ಮೇಲೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋಗುವ ಗಾಯವಲ್ಲ ಅದು. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ. ನಿಂತಿತೇ ಎಂದು ಪದೇ ಪದೇ ತೆಗೆದು ನೋಡಿದರೆ ನಿಲ್ಲುವುದಿಲ್ಲ. ಹೊಟ್ಟೆಯ ಗಾಯದಿಂದ ಕರುಳು ಹೊರಬಂದಿದ್ದರೆ ಒಳಗೆ ತುರುಕಬೇಡಿ. ಶುದ್ಧ ನೀರಿನಲ್ಲಿ ನೆನೆಸಿದ ಬಟ್ಟೆ ಮುಚ್ಚಿ, ಬಾಯಿಗೆ ಏನನ್ನೂ ಕೊಡದೆ ಹೊರಡಿ. ಗಾಯವೇ ಕಾಣದ ಪೆಟ್ಟೂ ಇದೆ. ಪಕ್ಕೆಯ ಮೇಲೆ ಗಾಲಿ ಹಾಯ್ದವನ ಎಡಪಕ್ಕೆಲುಬಿನ ಕೆಳಗಿರುವ ಗುಲ್ಮ ಒಡೆದರೆ ರಕ್ತವೆಲ್ಲ ಹೊಟ್ಟೆಯೊಳಗೇ ಸುರಿಯುತ್ತದೆ. ಮುಖ ಬಿಳಿಚಿ, ತಣ್ಣಗೆ ಬೆವರಿ, ನಾಡಿ ಓಡುತ್ತ, ನೀರು ನೀರು ಎನ್ನುತ್ತಿದ್ದರೆ ಅದು ಬಿಸಿಲಿನ ದಣಿವಲ್ಲ.

ಇಷ್ಟೆಲ್ಲ ಮಾಡಲು ಹಳ್ಳಿಯಲ್ಲಿ ಡಾಕ್ಟರೆಲ್ಲಿ ಎಂದು ಕೇಳಬಹುದು. ನಾನು ಕೇಳುತ್ತಿರುವುದು ಡಾಕ್ಟರನ್ನಲ್ಲ. ಓಟದ ಕಮಿಟಿಯವರು ನಾಲ್ವರು ಗಟ್ಟಿ ಹುಡುಗರನ್ನು ಗುರುತಿಸಿ, ಹಿಂದಿನ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದ ಎತ್ತುವುದನ್ನು ಕಲಿಸಲಿ. ಆ ನಾಲ್ವರು ಆ ದಿನ ಕುಡಿಯದಿರಲಿ. ಒಂದು ಹಲಗೆ, ಒಂದಷ್ಟು ಸ್ವಚ್ಛ ಬಟ್ಟೆ, ಚಾಲಕನ ಸಮೇತ ಒಂದು ಗಾಡಿ ಅಗಸಿಯ ಹೊರಗೆ ನಿಂತಿರಲಿ. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ. ಆದರೆ ಹಬ್ಬದ ದಿನ ಮೋಟಾರು ಸೈಕಲ್ಲು, ಟ್ರ್ಯಾಕ್ಟರುಗಳಿಂದ ತುಂಬಿದ ಊರದಾರಿಯಲ್ಲಿ ಅದು ಒಳಗೆ ಬರುವುದೆಲ್ಲಿಂದ? ಒಂದು ದಾರಿಯನ್ನು ಖಾಲಿ ಬಿಡಿಸುವುದು ಕಮಿಟಿಯ ಕೆಲಸ. ಇದಕ್ಕೆ ದುಡ್ಡಿಲ್ಲ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಗಣ್ಯರ ಮುಖಗಳ ಬ್ಯಾನರಿಗೆ, ಚಕ್ಕಡಿ ಓಟದ ಬಂಗಾರದ ಬಹುಮಾನಕ್ಕೆ ದುಡ್ಡು ಇದ್ದೇ ಇರುತ್ತದೆ. ಚಕ್ಕಡಿ ಓಡಿಸುವವನ ತಲೆಗೆ ಹೆಲ್ಮೆಟ್ಟಿಗಂತೂ ಖರ್ಚೇ ಇಲ್ಲ. ಪೊಲೀಸರಿಗೆ ಅಂಜಿ ಕೊಂಡದ್ದು ಮನೆಯ ಗೂಟಕ್ಕೆ ತೂಗಾಡುತ್ತಿರುತ್ತದೆ. ಈ ತಯಾರಿ ಕಣ್ಣಿಗೆ ಕಾಣುವವರೆಗೆ ಹಲಗೆ ಬಾರಿಸಬಾರದೆಂದು ಊರ ಹಿರಿಯರು ಪಟ್ಟು ಹಿಡಿದರೆ ಸಾಕು.

ಇನ್ನು ಧನುರ್ವಾತ. ಇದರ ರೋಗಾಣುಗಳು ಮಣ್ಣಿನಲ್ಲೂ ಸಗಣಿಯಲ್ಲೂ ವರ್ಷಗಟ್ಟಲೆ ಬದುಕಿರುತ್ತವೆ. ಕರಿಯ ಓಣಿಯಲ್ಲಿ ಎರಡಕ್ಕೂ ಬರವಿಲ್ಲ. ಗಾಯವಾದ ಮೂರರಿಂದ ಇಪ್ಪತ್ತೊಂದು ದಿನಗಳೊಳಗೆ, ಗಾಯ ಮಾಯ್ದಂತೆ ಕಂಡಾಗಲೇ, ದವಡೆ ಬಿಗಿಯುತ್ತದೆ. ಆಮೇಲೆ ಮೈಯೆಲ್ಲ ಬಿಲ್ಲಾಗುತ್ತದೆ. ಗಾಯಕ್ಕೆ ಸುಣ್ಣ, ಚಹಾಪುಡಿ, ಸಗಣಿ ಮೆತ್ತುವ ಬದಲು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಿರಿ. ನಮ್ಮ ಹೆಣ್ಣುಮಕ್ಕಳಿಗೆ ಬಸಿರಿನಲ್ಲಿ ಈ ಲಸಿಕೆ ಸಿಕ್ಕಿರುತ್ತದೆ. ಈಗಿನ ಮಕ್ಕಳಿಗೆ ಎಳವೆಯಲ್ಲೂ, ಹತ್ತು ಮತ್ತು ಹದಿನಾರನೆಯ ವಯಸ್ಸಿನಲ್ಲೂ ಕೊಡುತ್ತಾರೆ. ಎತ್ತಿನ ಹಿಂದೆ ಓಡುವ ನಲವತ್ತು ಐವತ್ತರ ಗಂಡಸರನ್ನು ಕೇಳಿನೋಡಿ, "ಯಾವಾಗಲೋ ಒಂದ್ ಸೂಜಿ ಮಾಡಿಸಿದ್ದೆ" ಎನ್ನುತ್ತಾರೆ. ಆ ಒಂದು ಸೂಜಿ ಸಾಲದು. ಎಂದೂ ಸರಿಯಾಗಿ ಹಾಕಿಸಿಕೊಳ್ಳದವರಿಗೆ ನಾಲ್ಕು ವಾರದ ಅಂತರದಲ್ಲಿ ಎರಡು, ಆರು ತಿಂಗಳಿಂದ ವರ್ಷದೊಳಗೆ ಮೂರನೆಯದು ಬೇಕು. ಬಳಿಕ ಹತ್ತು ವರ್ಷಕ್ಕೊಮ್ಮೆ. ಈ ಮೂರೂ ಆದವರಿಗೆ ಮಣ್ಣು ಸಗಣಿ ಸೇರಿದ ಗಾಯವಾದಾಗ, ಹಿಂದಿನ ಸೂಜಿಗೆ ಐದು ವರ್ಷ ದಾಟಿದ್ದರೆ ಇನ್ನೊಂದು. ಏನೂ ಆಗದವರಿಗೆ ಅಂಥ ಗಾಯವಾದರೆ ಲಸಿಕೆಯ ಜೊತೆಗೆ ಸಿದ್ಧ ಪ್ರತಿರೋಧಕದ ಬೇರೆ ಸೂಜಿಯೂ ಬೇಕು, ಅದು ಎಲ್ಲ ದವಾಖಾನೆಗಳಲ್ಲಿ ಸಿಗುವುದಿಲ್ಲ. ಹಬ್ಬದ ಮುನ್ನಾದಿನ ಬಂದು ಸೂಜಿ ಚುಚ್ಚಿಸಿಕೊಂಡರೆ ಹೊಸಬರಿಗೆ ಆ ವರ್ಷದ ಓಟಕ್ಕೆ ರಕ್ಷಣೆ ಬಂದಿರುವುದಿಲ್ಲ. ಬಸವ ಜಯಂತಿಯ ಹೊತ್ತಿಗೆ ಮೊದಲ ಸೂಜಿ ಮಾಡಿಸಿದರೆ ಕಾರಹುಣ್ಣಿಮೆಯೊಳಗೆ ಎರಡನೆಯದೂ ಮುಗಿದಿರುತ್ತದೆ. ಊರ ಆರೋಗ್ಯ ಕೇಂದ್ರದಲ್ಲಿ ಟಿ.ಡಿ. ಲಸಿಕೆ ಎಂದು ಕೇಳಿ; ಮೊದಲಿನ ಟಿ.ಟಿ.ಯ ಬದಲು ಈಗ ಕೊಡುವುದು ಅದನ್ನೇ.