ಪ್ಯಾಕಿಂಗ್ ಖರ್ಚು ಯಾರ ಲೆಕ್ಕ?

ಕಳೆದ ತಿಂಗಳು ಜೀವಶಾಸ್ತ್ರದ ವಿಶೇಷ ಉಪನ್ಯಾಸಕ್ಕೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಾಗ, ಸೈನ್ಸ್ ವಿಭಾಗದ ಗೆಳತಿಯೊಬ್ಬಳು "ಕಾಮರ್ಸ್‌ನವರಿಗೆ ಇಲ್ಲೇನು ಕೆಲಸ?" ಎಂದು ನಕ್ಕಳು. ಕೆಲಸ ಇತ್ತು. ನನ್ನ ಫೂಫಿಯ ಮಗನಿಗೆ ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಅಂದಿನ ವಿಷಯ ಜೀನ್ ಚಿಕಿತ್ಸೆ.

ರೆಟ್ರೋವೈರಸ್‌ಗೆ ತನ್ನ ಜೀನನ್ನು ನಮ್ಮ ಜೀವಕೋಶದ ಡಿಎನ್‌ಎಯೊಳಗೇ ಸೇರಿಸುವ ಕಲೆ ಇದೆ. ಅದರ ಜೀನ್‌ಗಳನ್ನು ತೆಗೆದು ನಮಗೆ ಬೇಕಾದದ್ದನ್ನು ಇಟ್ಟರೆ ಅದೇ ಪೋಸ್ಟ್‌ಮ್ಯಾನ್. ಆದರೆ ಜೀನ್ ಕಳೆದುಕೊಂಡ ವೈರಸ್ ತನ್ನ ಹೊರಕವಚವನ್ನು ತಾನೇ ಕಟ್ಟಿಕೊಳ್ಳಲಾರದು. ಅದನ್ನು ಕಟ್ಟಿಕೊಡುವವು ಪ್ಯಾಕೇಜಿಂಗ್ ಕೋಶಗಳು. 1983ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮಾನ್, ಮಲ್ಲಿಗನ್, ಬಾಲ್ಟಿಮೋರ್ ಇಲಿಯ ಕೋಶಗಳಲ್ಲಿ ಇದನ್ನು ಮಾಡಿ ತೋರಿಸಿದರು. ಉಪಾಯ ನಮ್ಮ ಅಬ್ಬಾರ ಗೋಡೌನಿನ ಪದ್ಧತಿಯ ಹಾಗೇ ಇದೆ: ಚೀಟಿ ಅಂಟಿಸಿದ ಮಾಲು ಮಾತ್ರ ಪೆಟ್ಟಿಗೆಗೆ. ವೈರಸ್‌ನ ಆರ್‌ಎನ್‌ಎಯಲ್ಲಿರುವ 'ಸೈ' ಎಂಬ ಗುರುತೇ (ಇದು ಗ್ರೀಕ್ ಅಕ್ಷರ, ನಮ್ಮ 'ಸೈ' ಅಲ್ಲ) ಆ ಚೀಟಿ. ಕೋಶದಲ್ಲಿಟ್ಟ ವೈರಸ್ ಜೀನ್‌ಗಳಿಂದ ಅದನ್ನು ಕಿತ್ತುಹಾಕಿದರು. ಅವು ಪೆಟ್ಟಿಗೆ ಮಾಡಿಕೊಡುತ್ತವೆ, ತಾವು ಒಳಗೆ ಹೋಗುವುದಿಲ್ಲ. ಗುರುತಿರುವ ನಮ್ಮ ಜೀನ್ ಹೋಗುತ್ತದೆ. ಹೀಗೆ ತಲುಪಿದ ವೈರಸ್ ಅಲ್ಲಿ ಮರಿ ಹಾಕಲಾರದು.

ಅಪಾಯವೇ ಇಲ್ಲ ಎನ್ನುತ್ತಿಲ್ಲ. ಪ್ಯಾರಿಸ್‌ನಲ್ಲಿ ಇಂಥ ಚಿಕಿತ್ಸೆ ಪಡೆದ ಕೆಲವು ಮಕ್ಕಳಲ್ಲಿ ಜೀನ್ ತಪ್ಪು ಜಾಗದಲ್ಲಿ ಸೇರಿ ಲ್ಯುಕೇಮಿಯಾ ಬಂತು.

ಇನ್ನು ನನ್ನ ವಿಷಯಕ್ಕೆ, ಅಂದರೆ ದುಡ್ಡಿಗೆ ಬರುತ್ತೇನೆ. ಅದೇ ಬಳಗದ ಲೆಂಟಿವೈರಸ್ ಬಳಸುವ ಥಲಸ್ಸೇಮಿಯಾ ಚಿಕಿತ್ಸೆ ಝಿಂಟೆಗ್ಲೋಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಒಬ್ಬ ರೋಗಿಗೆ 28 ಲಕ್ಷ ಡಾಲರ್! ರೂಪಾಯಿಗೆ ತಿರುಗಿಸಿದರೆ 20 ಕೋಟಿ ದಾಟಿತು. ತಪ್ಪು ಒತ್ತಿರಬೇಕೆಂದು ಇನ್ನೊಮ್ಮೆ ಒತ್ತಿದೆ. ಶುದ್ಧ ವೈರಸ್ ತಯಾರಿಸುವುದೇ ಇದರ ದೊಡ್ಡ ಖರ್ಚುಗಳಲ್ಲೊಂದು ಎಂದರು ಸರ್.

ಹಾಗಾದರೆ 'ನಮ್ಮಂಥವರಿಗಲ್ಲ ಬಿಡು' ಎನ್ನಬೇಕೇ? ನಾನು ಒಪ್ಪುವುದಿಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ರಕ್ತದ ಕ್ಯಾನ್ಸರ್‌ಗೆ ರೂಪಿಸಿದ ನೆಕ್ಸ್‌ಕಾರ್19ಗೆ 2023ರಲ್ಲಿ ಅನುಮತಿ ಸಿಕ್ಕಿದೆ. ಅದರ ವೈರಸ್ ಭಾರತದಲ್ಲೇ ತಯಾರಾಗುತ್ತದೆ. ಬೆಲೆ ಅಮೆರಿಕದ ಹತ್ತನೇ ಒಂದು ಭಾಗದಷ್ಟು. ಅದೂ ಲಕ್ಷಗಟ್ಟಲೆಯೇ, ಆದರೆ ದಾರಿ ಕಾಣುತ್ತದೆ. ವೆಲ್ಲೂರಿನ ಸಿಎಂಸಿ ವೈದ್ಯರು ಐವರು ಹೀಮೋಫಿಲಿಯಾ ರೋಗಿಗಳಿಗೆ ಲೆಂಟಿವೈರಸ್ ಮೂಲಕ ಜೀನ್ ಕೊಟ್ಟ ವರದಿ 2024ರಲ್ಲಿ ಬಂತು. ಥಲಸ್ಸೇಮಿಯಾಕ್ಕೂ ಸರ್ಕಾರ ಇಲ್ಲೇ ವೈರಸ್ ತಯಾರಿಕೆಗೆ ಹಣ ಹಾಕಬೇಕು. ಎಲ್ಲಿ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕುವವರು ಕಾಮರ್ಸ್ ಓದಿದವರೇ ತಾನೆ?

ಆದ್ದರಿಂದ ಪ್ರಿನ್ಸಿಪಾಲರಲ್ಲಿ ಒಂದು ಮನವಿ: ಮುಂದಿನ ಉಪನ್ಯಾಸದ ನೋಟಿಸ್ ನಮ್ಮ ಕ್ಲಾಸಿಗೂ ಬರಲಿ. ಫೂಫಿಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ. ಶನಿವಾರ ಮುನ್ನಾನನ್ನು ರಕ್ತಕ್ಕೆ ಕರೆದೊಯ್ಯುವ ಸರದಿ ನನ್ನದು.