ಕರಾವಳಿಯಲ್ಲಿ ವಾಸಯೋಗ್ಯ ಸ್ಥಳ

ಕರಾವಳಿಯ ಜಿಲ್ಲೆಗಳಲ್ಲಿ ಹೊಸದಾಗಿ ಮನೆ ಕಟ್ಟಿಸಬೇಕೆಂದಿರುವವರ ಸಂಖ್ಯೆ ವರ್ಷೇ ವರ್ಷೇ ಹೆಚ್ಚುತ್ತಿದೆ. ಉದ್ಯೋಗದ ನಿಮಿತ್ತ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿಯ ದೇಶಗಳಲ್ಲೋ ನೆಲಸಿ, ಉಳಿದ ಆಯುಷ್ಯವನ್ನು ಹುಟ್ಟೂರಿನಲ್ಲಿ ಕಳೆಯಬೇಕೆಂದು ಬಯಸುವವರು ಇವರಲ್ಲಿ ಅನೇಕರು. ಇವರು ಸಾಮಾನ್ಯವಾಗಿ ಮಾಘ ಫಾಲ್ಗುಣಗಳ ಬಿಸಿಲಿನಲ್ಲಿ ಬಂದು ಸ್ಥಳವನ್ನು ನೋಡುತ್ತಾರೆ. ಆಗ ಹೊಳೆಯು ಶಾಂತವಾಗಿರುತ್ತದೆ. ಮಣ್ಣು ತುಂಬಿ ಸಮಮಾಡಿದ ನೆಲವು ಒಣಗಿ ಗಟ್ಟಿಯಾಗಿರುತ್ತದೆ. ದಲ್ಲಾಳಿಯು ರಸ್ತೆಯ ಅಗಲವನ್ನೂ ಪೇಟೆಯ ದೂರವನ್ನೂ ವರ್ಣಿಸುತ್ತಾನೆ. ನೀರಿನ ಮಾತನ್ನು ಎತ್ತುವುದಿಲ್ಲ. ಕ್ರಯಪತ್ರವಾಗಿ ಮನೆಯೂ ಎದ್ದಮೇಲೆ, ಆಷಾಢದ ಒಂದು ರಾತ್ರಿ ನೀರು ಹೊಸ್ತಿಲನ್ನು ದಾಟಿ ಒಳಗೆ ಬಂದಾಗ ಯಜಮಾನನಿಗೆ ಸ್ಥಳದ ನಿಜಸ್ವರೂಪವು ತಿಳಿಯುತ್ತದೆ.

ಇಂಥ ಹಾನಿಯನ್ನು ದೈವದ ಮೇಲೆ ಹೊರಿಸಿ ಸುಮ್ಮನಾಗುವ ರೂಢಿಯನ್ನು ನಾವು ಒಪ್ಪಲಾರೆವು. 1923ರ ಆಗಸ್ಟ್ ತಿಂಗಳಿನಲ್ಲಿ ನೇತ್ರಾವತಿಯು ಉಕ್ಕಿ ಬಂಟವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ್ದನ್ನು ತುಳುನಾಡಿನ ಜನತೆಯು ‘ಮಾರಿಬೊಳ್ಳ’ವೆಂದು ಇಂದಿಗೂ ನೆನೆಯುತ್ತದೆ. 1974ರಲ್ಲಿ ಅದೇ ನದಿಯು ಮತ್ತೆ ದಡ ಮೀರಿತು. 2019ರ ಆಗಸ್ಟಿನಲ್ಲಿ ಉತ್ತರ ಕನ್ನಡದ ಕಾಳಿ, ಗಂಗಾವಳಿ ನದಿಗಳ ದಡದ ಊರುಗಳು ನೀರಿನಲ್ಲಿ ನಿಂತವು. 2020ರ ಸೆಪ್ಟೆಂಬರಿನಲ್ಲಿ ಉಡುಪಿ ನಗರದ ನಡುವೆಯೇ ನೆರೆ ಬಂದಿತು. ನೂರು ವರ್ಷಗಳಲ್ಲಿ ಹೀಗೆ ಮತ್ತೆ ಮತ್ತೆ ಬಂದುದನ್ನು ಪ್ರತಿಸಲವೂ ‘ಹಿಂದೆಂದೂ ಕಾಣದ್ದು’ ಎಂದು ಕರೆಯುವುದು ನಮ್ಮ ಮರೆವಿಗೆ ಸಾಕ್ಷಿಯೇ ಹೊರತು ಸತ್ಯವಲ್ಲ.

ಇದರ ಕಾರಣವೂ ಗುಟ್ಟಿನದಲ್ಲ. ಘಟ್ಟಕ್ಕೂ ಕಡಲಿಗೂ ನಡುವಣ ನೆಲ ಕಿರಿದು. ನದಿಗಳು ಗಿಡ್ಡ, ಅವುಗಳ ಇಳಿತ ಕಡಿದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿಯುತ್ತದೆ. ಆ ಸೀಮೆಯ ನೀರನ್ನು ಹೊತ್ತು ಬರುವ ಸೀತಾನದಿಯು ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತವು ಅಳಿವೆಯಲ್ಲಿ ಎದುರಾದರೆ ಹೊಳೆಯ ನೀರಿಗೆ ಹೊರದಾರಿ ಸಿಗದೆ ಅದು ಹಿಂದಕ್ಕೆ ಏರಿ ಅಕ್ಕಪಕ್ಕದ ತಗ್ಗುಗಳಲ್ಲಿ ಹರಡಿಕೊಳ್ಳುತ್ತದೆ. ಇದರ ಮೇಲೆ, 1901ರಿಂದ 2018ರವರೆಗೆ ಜಗತ್ತಿನ ಕಡಲಮಟ್ಟವು ಸರಾಸರಿ 20 ಸೆಂಟಿಮೀಟರುಗಳಷ್ಟು ಏರಿದೆಯೆಂದೂ ಏರಿಕೆಯ ವೇಗ ಹೆಚ್ಚುತ್ತಿದೆಯೆಂದೂ ವಿಜ್ಞಾನಿಗಳು ನಿರ್ಣಯಿಸಿದ್ದಾರೆ.

ನಮ್ಮ ಪೂರ್ವಿಕರಿಗೆ ಈ ಲೆಕ್ಕಗಳು ತಿಳಿದಿರಲಿಲ್ಲ, ನೆಲ ತಿಳಿದಿತ್ತು. ಗದ್ದೆಯನ್ನು ಅವರು ಬೈಲು, ಮಜಲು, ಬೆಟ್ಟು ಎಂದು ಮೂರು ತರಗತಿಗಳಾಗಿ ವಿಂಗಡಿಸಿದರು. ತಗ್ಗಾಗಿ ನೀರು ನಿಲ್ಲುವುದು ಬೈಲು, ನಡುವಣದು ಮಜಲು, ಎತ್ತರದ್ದು ಬೆಟ್ಟು. ಹೊಳೆಯ ನಡುವಣ ದ್ವೀಪವು ಕುದ್ರು. ಕಡಲಿಗೂ ಹೊಳೆಗೂ ನಡುವೆ ಚಾಚಿದ ಮರಳಿನ ನಾಲಗೆಯು ಬೆಂಗ್ರೆ. ಗುಡ್ಡದ ನೆತ್ತಿಯ ಸಮತಟ್ಟು ಪದವು. ಉತ್ತರ ಕನ್ನಡದಲ್ಲಿ ಭರತದ ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಉಪ್ಪನ್ನು ತಾಳುವ ಕಗ್ಗದ ಭತ್ತವನ್ನು ಬೆಳೆದರು. ಬೈಲನ್ನು ಬೆಳೆಗೆ ಬಿಟ್ಟು ತಾವು ಅದರ ಅಂಚಿನ ಎತ್ತರದಲ್ಲಿ ಮನೆ ಕಟ್ಟಿಕೊಂಡರು. ಊರಿನ, ಹಿತ್ತಿಲಿನ, ಗದ್ದೆಯ ಹೆಸರನ್ನು ಕೇಳಿದರೆ ಇಂದಿಗೂ ನೆಲದ ಅರ್ಧ ಚರಿತ್ರೆ ತಿಳಿಯುತ್ತದೆ.

ಆದಕಾರಣ ಸ್ಥಳವನ್ನು ಕೊಳ್ಳತಕ್ಕವರಿಗೆ ನಮ್ಮ ಸಲಹೆ ಇಷ್ಟೆ: ಮಳೆಗಾಲದಲ್ಲಿ ಬಂದು ನೋಡಿರಿ, ಅಮಾವಾಸ್ಯೆಯ ಭರತದ ವೇಳೆಯಲ್ಲಿ ನೋಡಿರಿ. ನೆರೆಮನೆಯ ಗೋಡೆಯಲ್ಲಿ ನೀರಿನ ಗೆರೆಯಿದೆಯೇ, ಬೇಸಗೆಯಲ್ಲಿ ಬಾವಿಯ ನೀರು ಉಪ್ಪಾಗುವುದೇ, ಹತ್ತಿರದ ತೋಡಿನ ದಡದಲ್ಲಿ ಕಾಂಡ್ಲಾ ಗಿಡಗಳು ಬೆಳೆದಿವೆಯೇ ಎಂದು ವಿಚಾರಿಸಿರಿ. ಊರಿನ ಹಿರಿಯರನ್ನು ಕೇಳದೆ ಮುಂಗಡ ಕೊಡಬೇಡಿರಿ. ಎತ್ತರವೆಂಬ ಒಂದೇ ಕಾರಣದಿಂದಲೂ ಮೋಸಹೋಗಬಾರದು. ಮುರಕಲ್ಲಿನ ಕೆಳಗಿರುವ ಶೇಡಿಮಣ್ಣು ನೀರು ಕುಡಿದರೆ ಜಾರುತ್ತದೆ. ಕಡಿದ ಗುಡ್ಡದ ಬುಡವು ಬೈಲಿಗಿಂತಲೂ ಅಪಾಯಕರ. ಅಂಕೋಲೆಯ ಬಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಗಾಗಿ ಕಡಿದ ಗುಡ್ಡವು ಕುಸಿದು ಪ್ರಾಣಗಳನ್ನು ಕೊಂಡುದನ್ನು ನಾಡು ಮರೆತಿಲ್ಲ. ಪದವಿನ ಮೇಲೆ ಬೇಸಗೆಯಲ್ಲಿ ನೀರಿನ ಅಭಾವ ಉಂಟೆಂಬುದು ನಿಜ. ಆದರೆ ಆ ಕಷ್ಟಕ್ಕೆ ಉಪಾಯವುಂಟು.

ಕೊಳ್ಳುವವನ ಎಚ್ಚರಿಕೆಯೊಂದರಿಂದಲೇ ಈ ಕಾರ್ಯ ಮುಗಿಯುವುದಿಲ್ಲ. ಬೈಲನ್ನು ಮಣ್ಣಿನಿಂದ ತುಂಬಿಸಿ ಮನೆಯನ್ನು ನಾಲ್ಕಡಿ ಎತ್ತರಿಸಿದವನು ತಾನು ಬದುಕಿಕೊಳ್ಳಬಹುದು. ಆ ಬೈಲಿನಲ್ಲಿ ನಿಲ್ಲಬೇಕಾಗಿದ್ದ ನೀರು ಮಾತ್ರ ಪಕ್ಕದ ಬಡವನ ಮನೆಗೆ ಹೋಗುತ್ತದೆ. ಮಂಗಳೂರಿನ ಕೊಟ್ಟಾರಚೌಕಿಯಲ್ಲಿ ಬಿರುಮಳೆಯ ದಿನ ರಸ್ತೆಯೇ ಹೊಳೆಯಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಇದು ಒಬ್ಬನ ಸ್ವಂತ ಸ್ವತ್ತಿನ ಪ್ರಶ್ನೆಯಾಗಿ ಉಳಿಯದೆ ಊರಿನ ಪ್ರಶ್ನೆಯಾಗಿದೆ. ಊರಿನ ಪ್ರಶ್ನೆಗೆ ಉತ್ತರ ಹೇಳತಕ್ಕವರು ಅಧಿಕಾರಿಗಳು. ಬೈಲಿನ ಭೂಪರಿವರ್ತನೆಗೆ ಅಪ್ಪಣೆ ಕೊಡುವ ಕೈಯೂ, ನೆರೆ ಬಂದಮೇಲೆ ಪರಿಹಾರದ ಹಣ ಹಂಚುವ ಕೈಯೂ ಒಂದೇ ಸರಕಾರದ್ದಾಗಿರುವುದು ವಿಷಾದದ ಸಂಗತಿ. 1923ರಲ್ಲಿ ಆಡಳಿತವು ಪರಕೀಯರದಾಗಿತ್ತು. ಇಂದಿನ ಕಚೇರಿಗಳು ನಮ್ಮವೇ ಆದುದರಿಂದ ದೂರಲು ಬೇರೆ ಯಾರೂ ಇಲ್ಲ.

ಕಡಲಂಚಿನ ವಿಷಯದಲ್ಲಿ ಶಾಸನದ ಹಾದಿ ಇನ್ನೂ ಚಿಂತಾಜನಕವಾದುದು. 1991ರ ಕರಾವಳಿ ನಿಯಂತ್ರಣ ವಲಯದ ಪ್ರಕಟನೆಯು ಗ್ರಾಮಪ್ರದೇಶಗಳಲ್ಲಿ ಭರತರೇಖೆಯಿಂದ 200 ಮೀಟರುಗಳವರೆಗೆ ಹೊಸ ಕಟ್ಟಡಗಳನ್ನು ತಡೆದಿತ್ತು. 2019ರ ಜನವರಿಯ ಪ್ರಕಟನೆಯು ಜನಸಾಂದ್ರತೆ ಹೆಚ್ಚಿರುವ ಗ್ರಾಮಗಳಲ್ಲಿ ಇದನ್ನು 50 ಮೀಟರುಗಳಿಗೆ ಇಳಿಸಲು ಎಡೆಕೊಟ್ಟಿತು. ಕಾಗದದ ಮೇಲಣ ಗೆರೆ ಮುಂದೆ ಸರಿದ ಮಾತ್ರಕ್ಕೆ ಕಡಲು ಹಿಂದೆ ಸರಿಯಲಿಲ್ಲ. ಉಳ್ಳಾಲ, ಸೋಮೇಶ್ವರಗಳಲ್ಲಿ ವರ್ಷವರ್ಷವೂ ಬಂಡೆಗಳನ್ನು ಸುರಿದರೂ ತೆಂಗಿನ ತೋಟಗಳೂ ಮನೆಗಳೂ ಕಡಲಿನ ಪಾಲಾಗಿವೆ. ಅಪ್ಪಣೆಯಿದೆಯೆಂದರೆ ಅಪಾಯವಿಲ್ಲವೆಂದು ಯಾರೂ ಅರ್ಥಮಾಡಿಕೊಳ್ಳಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ. ಕಡಲನ್ನು ನೋಡುವ ಸುಖಕ್ಕಾಗಿ ತೀರದಲ್ಲಿ ಮನೆ ಕಟ್ಟುವವನೂ, ದೋಣಿಯನ್ನು ಬಿಟ್ಟಿರಲಾರದೆ ಅಲ್ಲಿಯೇ ಬಾಳುವ ಮೊಗವೀರನೂ ಒಂದೇ ಅಲ್ಲ. ಮೊದಲನೆಯವನಿಗೆ ಆಯ್ಕೆಯುಂಟು, ಎರಡನೆಯವನಿಗೆ ಇಲ್ಲ. ಅಪಾಯದ ಹೆಸರಿನಲ್ಲಿ ಮೊಗವೀರನನ್ನು ಎಬ್ಬಿಸಿ, ಅದೇ ಮರಳಿನ ಮೇಲೆ ವಿಹಾರಗೃಹಗಳಿಗೆ ಅಪ್ಪಣೆ ಕೊಡುವುದು ಅನ್ಯಾಯದ ಪರಮಾವಧಿಯಾದೀತು. ಅವನಿಗೆ ಬೇರೆ ನೆಲ ಕೊಡುವುದಾದರೆ ಅದು ದೋಣಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿರತಕ್ಕದ್ದು; ತೀರದ ಮೇಲಣ ಅವನ ಹಕ್ಕು ಉಳಿಯತಕ್ಕದ್ದು.

ಸರಕಾರವು ಮಾಡಬೇಕಾದ ಕೆಲಸಗಳು ದೊಡ್ಡ ವೆಚ್ಚದವಲ್ಲ. ಈವರೆಗಿನ ದೊಡ್ಡ ನೆರೆಗಳ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ತಿಳಿಯುವೆಡೆಗಳಲ್ಲೆಲ್ಲ ಗ್ರಾಮಗ್ರಾಮಗಳಲ್ಲಿ ಕಲ್ಲು ನೆಟ್ಟು ಗುರುತಿಸಲಿ. ಭೂಪರಿವರ್ತನೆಯ ಪ್ರತಿಯೊಂದು ಆಜ್ಞೆಯಲ್ಲೂ ಆ ನೆಲವು ಬೈಲೋ ಬೆಟ್ಟೋ ಎಂಬುದನ್ನೂ ನೆರೆಯ ಮಟ್ಟವನ್ನೂ ಬರೆಯಲಿ. ತೋಡು, ರಾಜಕಾಲುವೆಗಳ ಮೇಲೆ ಕಟ್ಟಿದ್ದನ್ನು ಮಳೆಗಾಲಕ್ಕೆ ಮುಂಚೆ ತೆರವುಮಾಡಲಿ. ಇಷ್ಟಾದರೆ ಕೊಳ್ಳುವವನು ತಿಳಿದು ಕೊಳ್ಳುವನು. ಕೊಡುವ ಅಧಿಕಾರಿಯು ತಿಳಿದು ಕೊಡುವನು. ಮುಂದಿನ ಮಳೆಗಾಲ ಬರುವುದರೊಳಗೆ ಈ ಕಾರ್ಯವು ಆರಂಭವಾಗಲೆಂದು ನಾವು ಜಿಲ್ಲಾಧಿಕಾರಿಗಳನ್ನೂ ನಗರಸಭೆಗಳ ಸದಸ್ಯರನ್ನೂ ಒತ್ತಾಯಿಸುತ್ತೇವೆ.