ಅಕ್ಷರಾಭ್ಯಾಸದ ಅವಧಿಯೂ ಪರಭಾಷೆಯ ಅಳತೆಗೋಲೂ

ಮೂರನೆಯ ಇಯತ್ತೆಯನ್ನು ದಾಟಿದ ನಮ್ಮ ಮಕ್ಕಳಿಗೆ ಕನ್ನಡವನ್ನು ಸರಾಗವಾಗಿ ಓದಲು ಬರುವದಿಲ್ಲವೆಂಬ ದೂರು ವರ್ಷಂಪ್ರತಿ ಕೇಳಿಬರುತ್ತಿದೆ. ದೂರು ಸುಳ್ಳಲ್ಲ. ಆದರೆ ಸಾಕ್ಷ್ಯವನ್ನು ಪರಿಶೀಲಿಸದೆಯೇ ಮಗುವನ್ನು ದಡ್ಡನೆಂದೂ ಮಾಸ್ತರರನ್ನು ಸೋಮಾರಿಯೆಂದೂ ತೀರ್ಪುಕೊಡುವ ಪದ್ಧತಿಯನ್ನು ಯಾವ ನ್ಯಾಯಾಸನವೂ ಒಪ್ಪಲಾರದು.

ಇಂಗ್ಲಿಷಿಗೆ 26 ಅಕ್ಷರಗಳು. ನಮ್ಮ ವರ್ಣಮಾಲೆಗೆ 49. ಇಷ್ಟಕ್ಕೇ ಲೆಕ್ಕವು ಮುಗಿಯುವದಿಲ್ಲ. 34 ವ್ಯಂಜನಗಳು ಕಾಗುಣಿತದಲ್ಲಿ ಹಬ್ಬಿದಾಗ ನಾನೂರಕ್ಕೂ ಮಿಕ್ಕಿದ ರೂಪಗಳಾಗುತ್ತವೆ. ಅವುಗಳ ಮೇಲೆ ಒತ್ತಕ್ಷರಗಳು. ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೆ ಮೂಲಾಕ್ಷರದ ಹೋಲಿಕೆಯೇ ಇಲ್ಲ. ಅರ್ಕಾವತ್ತಂತೂ ಕಿವಿಗೆ ಮೊದಲು ಕೇಳಿಸಿ ಕಣ್ಣಿಗೆ ಕೊನೆಯಲ್ಲಿ ಕಾಣಿಸಿಕೊಳ್ಳುವದು! ಹಿರಿಯರಾದ ನಾವು ಈ ತೊಡಕನ್ನು ಎಂದೋ ಮರೆತಿರುವೆವು. ಸೋನಾಲಿ ನಾಗ್ ಎಂಬ ವಿದುಷಿಯವರು ಕನ್ನಡ ಮಕ್ಕಳ ಓದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಸಂಶೋಧನೆಯು ಇದನ್ನೇ ತೋರಿಸಿಕೊಟ್ಟಿತು: ಕನ್ನಡದ ಅಕ್ಷರಜ್ಞಾನವು ಒಂದೆರಡು ವರ್ಷಗಳಲ್ಲಿ ಮುಗಿಯತಕ್ಕ ಕೆಲಸವಲ್ಲ, ಅದು ನಾಲ್ಕನೆಯ ಇಯತ್ತೆಯವರೆಗೂ ಬೆಳೆಯುತ್ತಲೇ ಇರುವದು. ‘ಕ’ ಎಂಬುದನ್ನು ‘ಕ್’ ಮತ್ತು ‘ಅ’ ಎಂದು ಒಡೆದು ಕೇಳುವ ಶಕ್ತಿಯೂ ಮಗುವಿಗೆ ನಿಧಾನವಾಗಿಯೇ ಬರುವದು, ಏಕೆಂದರೆ ನಮ್ಮ ಲಿಪಿಯೇ ಆ ಎರಡನ್ನೂ ಕೂಡಿಸಿ ಬರೆಯುತ್ತದೆ.

ಹೀಗಿರಲು ನಮ್ಮ ವಿದ್ಯಾಖಾತೆಯವರು ಕೈಗೆತ್ತಿಕೊಂಡಿರುವ ಅಳತೆಗೋಲಾವುದು? 2000ದಲ್ಲಿ ಅಮೇರಿಕದ ರಾಷ್ಟ್ರೀಯ ಓದು ಸಮಿತಿಯು ಇಂಗ್ಲಿಷ್ ಓದನ್ನು ಕುರಿತು ಕೊಟ್ಟ ವರದಿಯ ಪರಿಭಾಷೆಯೇ ಇಂದು ತರಬೇತಿಯ ಕೈಪಿಡಿಗಳಲ್ಲಿ ಹರಿದಾಡುತ್ತಿದೆ. ಆ ವರದಿಯನ್ನು ನಾನು ಹಳಿಯುವದಿಲ್ಲ. ಬರೆಹಕ್ಕೂ ಉಚ್ಚಾರಕ್ಕೂ ಜಗಳವಿರುವ ಭಾಷೆಗೆ ಅದು ಒಪ್ಪುವ ಚಿಕಿತ್ಸೆ. ಬರೆದಂತೆ ಓದುವ, ಆದರೆ ಚಿಹ್ನೆಗಳ ದೊಡ್ಡ ರಾಶಿಯನ್ನೇ ಹೊತ್ತ ನಮ್ಮ ಭಾಷೆಯ ರೋಗವು ಬೇರೆ. 2021ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ‘ನಿಪುಣ್ ಭಾರತ್’ ಕಾರ್ಯಕ್ರಮವು ಮೂರನೆಯ ಇಯತ್ತೆಯೊಳಗೆ ಓದು ಬರಬೇಕೆಂದು ಸಕಲ ಭಾಷೆಗಳಿಗೂ ಒಂದೇ ಗಡುವನ್ನು ಹಾಕಿತು. ಉದ್ದೇಶವು ಸ್ತುತ್ಯವೇ, ಆದರೆ ಒತ್ತಕ್ಷರಗಳಿಗೆ ಆ ಗಡುವಿನ ಅರಿವಿಲ್ಲ.

ನಿಧಾನವೆಂಬುದು ಆಲಸ್ಯಕ್ಕೆ ರಹದಾರಿಯಾಗಲಾರದೇ ಎಂದು ಕೆಲವರು ಕೇಳುವರು. ಪ್ರಶ್ನೆಯು ಯೋಗ್ಯವಾದದ್ದು. 1956ಕ್ಕೆ ಮೊದಲು ಹೈದರಾಬಾದ್ ರಾಜ್ಯದಲ್ಲಿದ್ದು, ಏಕೀಕರಣದಿಂದ ನಮ್ಮೊಡನೆ ಕೂಡಿಬಂದ ಯಾದಗಿರಿ ಸೀಮೆಯಲ್ಲಿಯೂ ಮಹಾರಾಷ್ಟ್ರದ ಪಾಲಘರ ಕಡೆಯಲ್ಲಿಯೂ ಶೈಲಜಾ ಮೆನನ್ ಮತ್ತವರ ಸಂಗಡಿಗರು ಕೆಲವು ವರ್ಷ ಮಕ್ಕಳ ಓದು ಬರೆಹಗಳನ್ನು ಹಿಂಬಾಲಿಸಿ ನೋಡಿ 2017ರಲ್ಲಿ ವರದಿಯನ್ನು ಹೊರಡಿಸಿದರು. ಅವರು ಕಂಡದ್ದು ಲಿಪಿಯ ತೊಡಕನ್ನು ಮಾತ್ರವಲ್ಲ. ತರಗತಿಯ ಹೊತ್ತೆಲ್ಲ ಅಕ್ಷರ ತಿದ್ದುವದರಲ್ಲಿಯೂ ಹಲಗೆಯನ್ನು ನೋಡಿ ನಕಲು ಮಾಡುವದರಲ್ಲಿಯೂ ಕಳೆಯುತ್ತಿತ್ತು. ಮಗುವು ತನ್ನ ಮಾತನ್ನು ತಾನೇ ಬರೆಯುವ, ಕೇಳಿದ ಕಥೆಯನ್ನು ಕುರಿತು ಮಾತಾಡುವ ಅವಕಾಶವು ಅತಿ ವಿರಳವಾಗಿತ್ತು. ಅರ್ಥವನ್ನು ನಾಳೆಗೆ ಮುಂದೂಡಿ ಅಕ್ಷರವನ್ನು ಇಂದು ಕಲಿಸಹೊರಟರೆ ಎರಡೂ ಕೈಗೂಡುವದಿಲ್ಲ.

ನಮ್ಮಲ್ಲಿ ಜಾಣತನವೇನೂ ಇಲ್ಲದಿಲ್ಲ. ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುವ ಪಾಠಕ್ರಮವು ನಮ್ಮ ಸಾಲೆಗಳಿಗೆ ಚಿರಪರಿಚಿತವಾಗಿದೆ. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂದು ಮಗುವು ಮೊದಲ ತಿಂಗಳಲ್ಲಿಯೇ ಅರ್ಥವುಳ್ಳ ಶಬ್ದಗಳನ್ನು ಓದಬಲ್ಲದು. ಯಾವ ಪುಣ್ಯಾತ್ಮನು ಇದನ್ನು ಯೋಚಿಸಿದನೋ, ಅವನಿಗೆ ನಮಸ್ಕಾರ! ದುಃಖದ ಸಂಗತಿಯೆಂದರೆ ಈ ವಿವೇಕವು ಮೊದಲ ಮೆಟ್ಟಿಲಲ್ಲಿಯೇ ನಿಂತುಬಿಡುವದು.

ವಿದ್ಯಾಖಾತೆಯವರಲ್ಲಿ ನಮ್ಮ ಬೇಡಿಕೆಯು ಸ್ಪಷ್ಟವಾಗಿದೆ. ಒತ್ತಕ್ಷರಗಳ ಅಭ್ಯಾಸಕ್ಕೆ ನಾಲ್ಕು ಮತ್ತು ಐದನೆಯ ಇಯತ್ತೆಗಳ ವೇಳಾಪತ್ರಿಕೆಯಲ್ಲಿ ನಿಯತವಾದ ತಾಸುಗಳನ್ನು ಕೊಡಬೇಕು. ಪ್ರತಿದಿನವೂ ಮಾಸ್ತರರು ಗಟ್ಟಿಯಾಗಿ ಒಂದು ಕಥೆಯನ್ನೋದಿ, ಮಕ್ಕಳು ಅದನ್ನು ತಮ್ಮ ಮನೆಮಾತಿನಲ್ಲಿಯೇ ಚರ್ಚಿಸುವಂತಾಗಬೇಕು. ಓದಿನ ಪರೀಕ್ಷೆಗಳನ್ನು ಕನ್ನಡದ ಮಕ್ಕಳ ಮೇಲೆ ನಡೆದ ಸಂಶೋಧನೆಯ ಆಧಾರದಿಂದಲೇ ರಚಿಸಬೇಕು. ಬರುವ ವರ್ಷದ ಪಠ್ಯಕ್ರಮವನ್ನು ಮುದ್ರಣಕ್ಕೆ ಕಳಿಸುವ ಮುನ್ನವೇ ಇದಾಗಬೇಕು.